ರೇಷ್ಮೆ ನ್ಯಾನೋಕಣ ಮ್ಯಾಗ್ನೆಟ್‌ಗೆ ಓಡುತ್ತೆ, ಕಾಯಿಲ್‌ಗೆ ಮಿಸುಕಾಡಲ್ಲ. ಯಾಕೆ?

ಶಿಡ್ಲಘಟ್ಟ_ಗೂಡು

ರೇಷ್ಮೆ ಫೈಬ್ರೋಯಿನ್ (ರೇಷ್ಮೆ ಎಳೆಯ ಪ್ರೋಟೀನ್) ನ್ಯಾನೋಕಣದೊಳಗೆ ಮ್ಯಾಗ್ನಟೈಟ್ (ಕಾಂತೀಯ ಕಬ್ಬಿಣದ ಆಕ್ಸೈಡ್) ಕೂರಿಸಿ, 10 ಮಿ.ಮೀ. ಉದ್ದದ ಗಾಜಿನ ಚಾನೆಲ್‌ನಲ್ಲಿ ಮುಟ್ಟದೆ ಎಡಕ್ಕೂ ಬಲಕ್ಕೂ ನಡೆಸಬೇಕು. ಎಂ.ಎಸ್ಸಿ. ಪ್ರಾಜೆಕ್ಟ್, ಜಾಗ ಚಿಕ್ಕಬಳ್ಳಾಪುರ. ಮಾಡಿರೋದನ್ನೆಲ್ಲ ಬರೀತೀನಿ, ಬಲ್ಲವರು ದಯವಿಟ್ಟು ನೋಡಿ ಹೇಳಿ.

ಗೂಡು: ಚಿಟ್ಟೆ ಕೊರೆದು ಹೊರಬಂದ ಗೂಡು, ರೀಲಿಂಗ್‌ಗೆ ಬಾರದ್ದು. 5 ಗ್ರಾಂ ಕತ್ತರಿಸಿ, 2 ಲೀಟರ್ ನೀರಿಗೆ 4.24 ಗ್ರಾಂ ಸೋಡಿಯಂ ಕಾರ್ಬೊನೇಟ್ ಹಾಕಿ 30 ನಿಮಿಷ ಕುದಿಸಿ ಅಂಟು ತೆಗೆದದ್ದು. ಲಿಥಿಯಂ ಬ್ರೋಮೈಡ್ ದುಬಾರಿ ಅಂತ ಕ್ಯಾಲ್ಸಿಯಂ ಕ್ಲೋರೈಡ್, ಎಥನಾಲ್, ನೀರು 1:2:8 ಮೋಲ್ ಅನುಪಾತದಲ್ಲಿ ಕರಗಿಸಿ, ಎರಡು ದಿನ ಆರ್‌ಒ ನೀರಲ್ಲಿ ಡಯಾಲಿಸಿಸ್ (ಪೊರೆಯ ಚೀಲದಲ್ಲಿಟ್ಟು ಉಪ್ಪು ತೆಗೆಯೋದು). ಕೊನೆಗೆ 1% ದ್ರಾವಣ.

ಮ್ಯಾಗ್ನಟೈಟ್: ಫೆರಿಕ್ ಮತ್ತು ಫೆರಸ್ ಕ್ಲೋರೈಡ್ 2:1, ಅಮೋನಿಯಾ. ತೊಳೆದು, ಓವನ್‌ನಲ್ಲಿ 60 ಡಿಗ್ರಿಗೆ ಒಣಗಿಸಿ ಅರೆದ ಪುಡಿ. ಅದರಲ್ಲಿ 43 ಮಿ.ಗ್ರಾಂ ತಗೊಂಡು 10 ಮಿ.ಲೀ. ಫೈಬ್ರೋಯಿನ್‌ಗೆ ಹಾಕಿ ಪ್ರೋಬ್ ಸೋನಿಕೇಟರ್ (ಅಲ್ಟ್ರಾಸೌಂಡ್ ಕಡ್ಡಿ) 2 ನಿಮಿಷ, ಆಮೇಲೆ 40 ಮಿ.ಲೀ. ಅಸಿಟೋನ್‌ಗೆ ಹನಿಹನಿಯಾಗಿ. ಡಿಎಲ್‌ಎಸ್ (ಬೆಳಕು ಚದುರಿಸಿ ಕಣದ ಗಾತ್ರ ಅಳೆಯೋದು) ವರದಿ 200 ನ್ಯಾನೋಮೀಟರ್, ಪಿಡಿಐ (ಗಾತ್ರ ಎಷ್ಟು ಹರಡಿದೆ ಅನ್ನೋದು) 0.21, ಝೀಟಾ (ಕಣದ ಮೇಲ್ಮೈ ವಿದ್ಯುದಂಶದ ಅಳತೆ) −38 ಮಿಲಿವೋಲ್ಟ್.

ಕಾಣ್ತಿರೋದು ಇದು. ಎನ್42 ನಿಯೋಡಿಮಿಯಂ ಮ್ಯಾಗ್ನೆಟ್ (20 ಮಿ.ಮೀ. ವ್ಯಾಸ, 10 ಮಿ.ಮೀ. ದಪ್ಪ) ವಯಲ್ ಪಕ್ಕ ಇಟ್ರೆ ಅರ್ಧ ನಿಮಿಷದಲ್ಲಿ ಕಂದು ಎಲ್ಲ ಗೋಡೆಗೆ ಅಂಟುತ್ತೆ. ಕಾಯಿಲ್ ಜೋಡಿಯಲ್ಲಿ (ತಲಾ 200 ಸುತ್ತು, ತ್ರಿಜ್ಯ 30 ಮಿ.ಮೀ., ನಡುವಿನ ಅಂತರ 30 ಮಿ.ಮೀ., 3 ಆಂಪಿಯರ್) ಏನೂ ಆಗಲ್ಲ. ಹತ್ತು ನಿಮಿಷ ಬಿಟ್ರೆ ಕಣಗಳು ನಿಧಾನಕ್ಕೆ ಮೇಲಕ್ಕೆ ಹೋಗಿ ಪಕ್ಕಕ್ಕೆ ತಿರುಗ್ತವೆ. ಕರೆಂಟ್ ಉಲ್ಟಾ ಮಾಡಿದ್ರೂ ದಿಕ್ಕು ಅದೇ. ಕಾಯಿಲ್ ಸುತ್ತು ಹೆಚ್ಚಿಸ್ಬೇಕಾ, ಮ್ಯಾಗ್ನಟೈಟ್ ಹೆಚ್ಚಿಸ್ಬೇಕಾ?

ಕೋಲಾರ_ಕಾಯಿಲ್

ಎರಡೂ ಬೇಡ. ನಿಮ್ಮ ಕಾಯಿಲ್ ಜೋಡಿ ಹೆಲ್ಮ್‌ಹೋಲ್ಟ್ಸ್ ಜೋಡಿ: ಅಂತರ ತ್ರಿಜ್ಯಕ್ಕೆ ಸಮ, ಎರಡರಲ್ಲೂ ಕರೆಂಟ್ ಒಂದೇ ದಿಕ್ಕಿಗೆ. ಅದು ಇರೋದೇ ಮಧ್ಯದಲ್ಲಿ ಏಕರೂಪದ ಕ್ಷೇತ್ರ ಕೊಡೋಕೆ. ಏಕರೂಪದ ಕ್ಷೇತ್ರ ಕಣವನ್ನ ತಿರುಗಿಸಬಲ್ಲದು, ಎಳೆಯಲಾರದು. ಎಳೆಯೋದು ಕ್ಷೇತ್ರದ ಏರಿಳಿತ, ಅಂದ್ರೆ ಗ್ರೇಡಿಯೆಂಟ್. ನಿಮ್ಮ 3 ಆಂಪಿಯರ್‌ಗೆ ಮಧ್ಯದಲ್ಲಿ ಸುಮಾರು 18 ಮಿಲಿಟೆಸ್ಲಾ ಕ್ಷೇತ್ರ ಇದೆ, ಗ್ರೇಡಿಯೆಂಟ್ ಹತ್ತಿರ ಹತ್ತಿರ ಸೊನ್ನೆ.

"ಹಾಗಾದ್ರೆ ಒಂದು ಕಾಯಿಲ್ ಉಲ್ಟಾ ಜೋಡಿಸ್ತೀನಿ" ಅಂತೀರ. ಅದು ಮ್ಯಾಕ್ಸ್‌ವೆಲ್ ಜೋಡಿ, ಅಂತರ ತ್ರಿಜ್ಯದ 1.73 ಪಟ್ಟು, ನಿಮಗೆ 52 ಮಿ.ಮೀ. ಗ್ರೇಡಿಯೆಂಟ್ ಸಿಗೋದು ಮೀಟರಿಗೆ 0.54 ಟೆಸ್ಲಾ. ಅದರ ಜೊತೆಗೆ ಇನ್ನೊಂದು ತೊಡಕು: ಮ್ಯಾಕ್ಸ್‌ವೆಲ್ ಜೋಡಿಯ ಮಧ್ಯಬಿಂದುವಿನಲ್ಲಿ ಕ್ಷೇತ್ರವೇ ಸೊನ್ನೆ. 10 ನ್ಯಾನೋಮೀಟರ್ ಮ್ಯಾಗ್ನಟೈಟ್ ಸೂಪರ್‌ಪ್ಯಾರಾಮ್ಯಾಗ್ನೆಟಿಕ್, ಹೊರಗಿನ ಕ್ಷೇತ್ರ ಇಲ್ಲದಿದ್ರೆ ಅದಕ್ಕೆ ಕಾಂತತ್ವ ಉಳಿಯಲ್ಲ, ಗ್ರೇಡಿಯೆಂಟ್ ಇದ್ದೂ ಹಿಡಿಯೋಕೆ ಏನೂ ಇರಲ್ಲ. ಮೇಲಿಂದ 18 ಮಿಲಿಟೆಸ್ಲಾ ಹೆಲ್ಮ್‌ಹೋಲ್ಟ್ಸ್ ಕ್ಷೇತ್ರ ಕೊಟ್ಟು ಕಾಂತತ್ವ ಎಬ್ಬಿಸಿದ್ರೂ, 200 ನ್ಯಾನೋಮೀಟರ್ ಕಣ ನೀರಲ್ಲಿ ಸೆಕೆಂಡಿಗೆ 8 ನ್ಯಾನೋಮೀಟರ್ ಸಾಗುತ್ತೆ. ದಿನಕ್ಕೆ ಒಂದು ಮಿಲಿಮೀಟರೂ ಇಲ್ಲ.

ನಿಮ್ಮ ಮ್ಯಾಗ್ನೆಟ್ ಲೆಕ್ಕ ಬೇರೆ. ಅಕ್ಷದ ಮೇಲೆ, ಮುಖದಿಂದ ದೂರಕ್ಕೆ ತಕ್ಕಂತೆ:

5 ಮಿ.ಮೀ.: 0.25 ಟೆಸ್ಲಾ, ಗ್ರೇಡಿಯೆಂಟ್ ಮೀಟರಿಗೆ 35 ಟೆಸ್ಲಾ
10 ಮಿ.ಮೀ.: 0.12 ಟೆಸ್ಲಾ, 17
20 ಮಿ.ಮೀ.: 0.035 ಟೆಸ್ಲಾ, 4 ಕೂಡ ಇಲ್ಲ

ದೂರ ಎರಡು ಪಟ್ಟಾದ್ರೆ ಎಳೆತ ಎಷ್ಟು ಬೀಳುತ್ತೆ ನೋಡಿ. 10ರಿಂದ 20 ಮಿ.ಮೀ.ಗೆ ಸರಿದಾಗ ಗ್ರೇಡಿಯೆಂಟ್ ಕಾಲು ಭಾಗಕ್ಕೆ ಇಳಿಯೋದಲ್ಲದೆ ಕಣದ ಕಾಂತತ್ವವೂ ಗರಿಷ್ಠದ 80%ನಿಂದ 40%ಗೆ ಬೀಳುತ್ತೆ. ಎರಡೂ ಸೇರಿ ಬಲ ಒಂಬತ್ತನೇ ಒಂದು ಭಾಗ.

ಆ "ಮೇಲಕ್ಕೆ ಹೋಗಿ ಪಕ್ಕಕ್ಕೆ ತಿರುಗೋದು" ಕಾಂತ ಚಲನೆ ಅಲ್ವೇ ಅಲ್ಲ. ನಿಮ್ಮ ತಂತಿ 22 ಗೇಜ್ ಅಂದುಕೊಂಡ್ರೆ ಒಂದು ಕಾಯಿಲ್‌ಗೆ ಸುಮಾರು 1.6 ಓಮ್, 3 ಆಂಪಿಯರ್‌ಗೆ 15 ವಾಟ್. ಎರಡು ಸೇರಿ 30 ವಾಟ್ ಶಾಖ ಸ್ಯಾಂಪಲ್ ಪಕ್ಕದಲ್ಲೇ. ಬಿಸಿ ನೀರು ಮೇಲೇಳುತ್ತೆ, ಕಣ ಅದರ ಜೊತೆ ತೇಲುತ್ತೆ. ಕರೆಂಟ್ ಉಲ್ಟಾ ಮಾಡಿದ್ರೂ ದಿಕ್ಕು ಬದಲಾಗಲಿಲ್ಲ ಅನ್ನೋದನ್ನ ಮಾತ್ರ ಪುರಾವೆ ಅಂತ ಹಿಡೀಬೇಡಿ, ಸೂಪರ್‌ಪ್ಯಾರಾಮ್ಯಾಗ್ನೆಟಿಕ್ ಕಣ ಧ್ರುವ ಬದಲಿಸಿದ್ರೂ ಅದೇ ಕಡೆಗೆ ಹೋಗುತ್ತೆ. ಸರಿಯಾದ ಪರೀಕ್ಷೆ: ಕಬ್ಬಿಣ ಹಾಕದ ಬರೀ ರೇಷ್ಮೆ ಕಣ ಅದೇ ಕಾಯಿಲ್‌ನಲ್ಲಿ, ಅದೇ ಕರೆಂಟ್‌ನಲ್ಲಿ ಇಡಿ. ಅದೂ ಓಡಿದ್ರೆ ಶಾಖ.

ಎಡ ಬಲ ನಡೆಸೋದಷ್ಟೇ ಉದ್ದೇಶ ಆದ್ರೆ, ಚಾನೆಲ್‌ನ ಎರಡೂ ತುದಿಗೆ ಒಂದೊಂದು ಮ್ಯಾಗ್ನೆಟ್, ಹಳಿಯ ಮೇಲೆ ಹಿಂದೆ ಮುಂದೆ ಸರಿಯೋ ಹಾಗೆ. ಒಂದು 5 ಮಿ.ಮೀ.ಗೆ ಬಂದಾಗ ಇನ್ನೊಂದು 40 ಮಿ.ಮೀ. ಆಚೆ. ಸ್ಟೆಪರ್ ಮೋಟಾರ್, ಲೀಡ್ ಸ್ಕ್ರೂ, ಆರ್ಡುಯಿನೋ ಸಾಕು. ಮ್ಯಾಗ್ನೆಟ್ ಹಿಡಿಯೋ ಭಾಗ ಹಿತ್ತಾಳೆ ಅಥವಾ ಅಲ್ಯೂಮಿನಿಯಂ ಇರಲಿ. ಉಕ್ಕಿನ ಬೋಲ್ಟ್ ಹಾಕಿದ್ರೆ ಕ್ಷೇತ್ರದ ಆಕಾರವೇ ಕೆಡುತ್ತೆ. ಅಳೆಯೋಕೆ ಎಸ್‌ಎಸ್49ಇ ಹಾಲ್ ಸೆನ್ಸರ್ ಸಾಕು: 5 ವೋಲ್ಟ್ ಕೊಟ್ರೆ ಮಿಲಿಟೆಸ್ಲಾಗೆ ಸುಮಾರು 14 ಮಿಲಿವೋಲ್ಟ್. 100 ಮಿಲಿಟೆಸ್ಲಾ ದಾಟಿದ ಮೇಲೆ ಅದರ ಮಾತು ನಂಬಬೇಡಿ.

ಬೀಕರ್_ತುಮಕೂರು

ಕಾಯಿಲ್ ವಿಷಯ ಮೇಲಿನವರು ಮುಗಿಸಿದ್ದಾರೆ. ನನ್ನ ತಕರಾರು ಆ "ಅರ್ಧ ನಿಮಿಷ"ದ ಬಗ್ಗೆ.

200 ನ್ಯಾನೋಮೀಟರ್ ಕಣ, ತೂಕದಲ್ಲಿ 30% ಮ್ಯಾಗ್ನಟೈಟ್. ಸಾಂದ್ರತೆ ಲೆಕ್ಕ ಹಾಕಿದ್ರೆ (ಮ್ಯಾಗ್ನಟೈಟ್ 5.2, ರೇಷ್ಮೆ 1.35) ಗಾತ್ರದಲ್ಲಿ ಅದು 10% ಅಷ್ಟೆ. 10 ಮಿ.ಮೀ. ದೂರದ ಮ್ಯಾಗ್ನೆಟ್ ಇದನ್ನ ಎಳೆಯೋ ಬಲ ಸುಮಾರು 1.7 ಫೆಮ್ಟೋನ್ಯೂಟನ್, ನೀರಿನ ತಡೆ ಲೆಕ್ಕಕ್ಕೆ ತಗೊಂಡ್ರೆ ವೇಗ ಸೆಕೆಂಡಿಗೆ ಹೆಚ್ಚುಕಡಿಮೆ 1 ಮೈಕ್ರೋಮೀಟರ್. ಬ್ರೌನಿಯನ್ ಅಲೆದಾಟವೇ (ನೀರಿನ ಅಣುಗಳ ಬಡಿತಕ್ಕೆ ಕಣ ಅಡ್ಡಾದಿಡ್ಡಿ ಸರಿಯೋದು) ಒಂದು ಸೆಕೆಂಡಿಗೆ 2 ಮೈಕ್ರೋಮೀಟರ್ ಇರುತ್ತೆ. 10 ಮಿ.ಮೀ. ದಾಟೋಕೆ ಎರಡೂಮುಕ್ಕಾಲು ಗಂಟೆ ಬೇಕು. ನಿಮ್ಮದು ಅರ್ಧ ನಿಮಿಷದಲ್ಲಿ ಓಡ್ತಿದೆ, ಅಂದ್ರೆ 300 ಪಟ್ಟು ಜೋರು. ವೇಗ ತ್ರಿಜ್ಯದ ವರ್ಗಕ್ಕೆ ತಕ್ಕಂತೆ ಏರುತ್ತೆ, ಹಾಗಾಗಿ ಓಡ್ತಿರೋದು ಮೂರೂವರೆ ಮೈಕ್ರೋಮೀಟರ್ ಗಂಟು. ನ್ಯಾನೋಕಣ ಅಲ್ಲ.

ಎರಡು ಬಗೆಯ ಗಂಟು ಇರಬಹುದು. ಒಂದು, ಕ್ಷೇತ್ರ ಇದ್ದಾಗ ಮಾತ್ರ ಕಣಗಳು ಒಂದರ ಬಾಲಕ್ಕೊಂದು ಅಂಟಿ ಸರಪಳಿ ಆಗೋದು. 0.12 ಟೆಸ್ಲಾದಲ್ಲಿ ನಿಮ್ಮ ಕಣಗಳ ನಡುವಿನ ಕಾಂತ ಆಕರ್ಷಣೆ ಉಷ್ಣ ಶಕ್ತಿಯ ಹತ್ತಾರು ಪಟ್ಟು, ಆದ್ದರಿಂದ ಇದು ಆಗೇ ಆಗುತ್ತೆ. ಮ್ಯಾಗ್ನೆಟ್ ತೆಗೆದು ಅಲುಗಿಸಿದ್ರೆ ಬಿಡಿಸಿಕೊಳ್ಳುತ್ತೆ. ಎರಡನೇದು, ಮೊದಲಿಂದಲೇ ಗಟ್ಟಿಯಾಗಿ ಕೂಡಿದ್ದು, ಅಲುಗಿಸಿದ್ರೂ ಬಿಡಲ್ಲ. 0.05 ಮಿ.ಗ್ರಾಂ/ಮಿ.ಲೀ.ಗೆ ತೆಳು ಮಾಡಿ ಮತ್ತೆ ನೋಡಿ. ಆಗಲೂ ಅರ್ಧ ನಿಮಿಷವೇ ಆದ್ರೆ ಎರಡನೇ ಬಗೆ.

ಓದಿದ ಮಟ್ಟಿಗೆ ನನಗೆ ಎರಡನೇದೇ ಅನ್ಸುತ್ತೆ. ಮ್ಯಾಗ್ನಟೈಟ್ ಒಣಗಿಸಿ ಅರೆದಿದ್ದೀರಿ. ಒಮ್ಮೆ ಒಣಗಿದ ಮ್ಯಾಗ್ನಟೈಟ್ ಯಾವ ಸೋನಿಕೇಟರ್‌ಗೂ ಮತ್ತೆ 10 ನ್ಯಾನೋಮೀಟರ್ ಆಗಲ್ಲ. ಡಿಎಲ್‌ಎಸ್ 200 ಅಂತ ಹೇಗೆ ಬಂತು? ಸ್ಯಾಂಪಲ್ ಫಿಲ್ಟರ್ ಮಾಡಿ ಕಳಿಸಿದ್ರಾ?

ಶಿಡ್ಲಘಟ್ಟ_ಗೂಡು

ಹೌದು ಸರ್, 0.45 ಮೈಕ್ರಾನ್ ಸಿರಿಂಜ್ ಫಿಲ್ಟರ್. ಬೆಂಗಳೂರಿನ ಲ್ಯಾಬ್‌ನವರು ಫಿಲ್ಟರ್ ಮಾಡಿ ಕಳಿಸಿ ಅಂದಿದ್ರು. ಹಾಗಾದ್ರೆ ಮ್ಯಾಗ್ನಟೈಟ್ ಹಂತದಿಂದಲೇ ಮತ್ತೆ ಶುರು ಮಾಡಬೇಕಾ? ಸೋನಿಕೇಶನ್ ಕ್ರಮ ಸರಿ ಇದೆಯಾ?

ಬೀಕರ್_ತುಮಕೂರು

ಗಂಟೆಲ್ಲ ಫಿಲ್ಟರ್ ಮೇಲೆ ಉಳಿದಿದೆ, ವರದಿ ಬಂದಿರೋದು ಕೆಳಗಿಳಿದ ಕಬ್ಬಿಣವಿಲ್ಲದ ರೇಷ್ಮೆಯದ್ದು. ಫಿಲ್ಟರ್‌ನ ಬಣ್ಣ ನೋಡಿದ್ರೆ ಗೊತ್ತಾಗುತ್ತೆ.

ಮ್ಯಾಗ್ನಟೈಟ್‌ಗೆ: ಫೆರಿಕ್ ಕ್ಲೋರೈಡ್ ಹೆಕ್ಸಾಹೈಡ್ರೇಟ್ 2.70 ಗ್ರಾಂ, ಫೆರಸ್ ಕ್ಲೋರೈಡ್ ಟೆಟ್ರಾಹೈಡ್ರೇಟ್ 0.99 ಗ್ರಾಂ, 50 ಮಿ.ಲೀ. ಕುದಿಸಿ ಆರಿಸಿದ ಡಿಸ್ಟಿಲ್ಡ್ ನೀರು. ನೈಟ್ರೋಜನ್ 20 ನಿಮಿಷ. ಫೆರಸ್ ಬಾಟಲಿ ಹಳೇದಾಗಿ ಹಳದಿ ಕಂದು ತಿರುಗಿದ್ರೆ ಅದು ಆಗಲೇ ಫೆರಿಕ್ ಆಗಿದೆ, 2:1 ಅನುಪಾತ ಕಾಗದದ ಮೇಲೆ ಮಾತ್ರ. 70 ಡಿಗ್ರಿಯಲ್ಲಿ ಜೋರಾಗಿ ಕಲಕುತ್ತಾ 25% ಅಮೋನಿಯಾ 10 ಮಿ.ಲೀ. ಒಮ್ಮೆಗೇ ಸುರಿಯಿರಿ. ಲೆಕ್ಕಕ್ಕೆ ಬೇಕಿರೋದು 3 ಮಿ.ಲೀ., ಉಳಿದದ್ದು ಪಿಎಚ್ ಮೇಲಿಡೋಕೆ. ಕ್ಷಣದಲ್ಲಿ ಕಪ್ಪಾಗಬೇಕು. ಅರ್ಧ ಗಂಟೆ ಬಿಟ್ಟು, ಮ್ಯಾಗ್ನೆಟ್ ಮೇಲೆ ಕೂರಿಸಿ ತೊಳೆಯಿರಿ. ಒಣಗಿಸಬೇಡಿ. ಒದ್ದೆ ಇರುವಾಗಲೇ 1 ಗ್ರಾಂ ಟ್ರೈಸೋಡಿಯಂ ಸಿಟ್ರೇಟ್ ಕರಗಿಸಿದ 20 ಮಿ.ಲೀ. ನೀರಲ್ಲಿ 80 ಡಿಗ್ರಿಗೆ ಒಂದು ಗಂಟೆ, ಆಮೇಲೆ ಹೆಚ್ಚಿನ ಸಿಟ್ರೇಟ್ ಡಯಾಲಿಸಿಸ್‌ನಲ್ಲಿ ತೆಗೆಯಿರಿ. ಇಳುವರಿ ಪೂರ್ತಿ ಬಂದ್ರೆ 1.16 ಗ್ರಾಂ. ಎಷ್ಟು ಸಾಂದ್ರ ಇದೆ ಅಂತ ತಿಳಿಯೋಕೆ 1 ಮಿ.ಲೀ. ಮಾತ್ರ ಒಣಗಿಸಿ ತೂಗಿ.

ನಿಮ್ಮದು ಕಂದು ಅಂದ್ರಿ. ಕಾಫಿ ಕಂದು ಆದ್ರೆ ಗಾಳಿಗೆ ಮ್ಯಾಗ್ಹೆಮೈಟ್ (ಇನ್ನೊಂದು ಕಬ್ಬಿಣದ ಆಕ್ಸೈಡ್) ಆಗಿದೆ, ಕಾಂತತ್ವ ಸ್ವಲ್ಪವೇ ಕಮ್ಮಿ, ಚಿಂತೆ ಇಲ್ಲ. ಇಟ್ಟಿಗೆ ಕೆಂಪು ಆದ್ರೆ ಚೆಲ್ಲಿಬಿಡಿ.

ಸೋನಿಕೇಶನ್: ಫೈಬ್ರೋಯಿನ್ ಸೇರಿಸಿದ ಮೇಲೆ ಪ್ರೋಬ್ ಹಾಕಲೇಬಾರದು. ಅಲ್ಟ್ರಾಸೌಂಡ್ ಫೈಬ್ರೋಯಿನ್ ಎಳೆಗಳನ್ನ ಬೀಟಾ ಹಾಳೆಯ (ಎಳೆಗಳು ಪಕ್ಕಪಕ್ಕ ಬಿಗಿಯಾಗಿ ಜೋಡಿಕೊಳ್ಳೋ ರಚನೆ) ಕಡೆಗೆ ತಳ್ಳಿ ಹೆಪ್ಪುಗಟ್ಟಿಸುತ್ತೆ. ವೋರ್ಟೆಕ್ಸ್ (ಜೋರಾಗಿ ಅಲುಗಿಸೋ ಯಂತ್ರ) ಕೂಡ ಅದನ್ನೇ ಮಾಡುತ್ತೆ. ಮ್ಯಾಗ್ನಟೈಟ್ ಅನ್ನು ನೀರಲ್ಲಿ ಮೊದಲು ಸೋನಿಕೇಟ್ ಮಾಡಿ, ತಣ್ಣಗಾದ ಮೇಲೆ ಫೈಬ್ರೋಯಿನ್‌ಗೆ ಸುರಿದು ಕೈಯಲ್ಲಿ ಮೆಲ್ಲಗೆ ಓರೆ ಮಾಡಿ ಬೆರೆಸಿ. 100 ಮಿ.ಗ್ರಾಂ ಫೈಬ್ರೋಯಿನ್‌ಗೆ 43 ಮಿ.ಗ್ರಾಂ ಅನ್ನೋ ನಿಮ್ಮ ಅಳತೆ ಸರಿಯಾಗಿದೆ. ಅಸಿಟೋನ್ ಕೊನೆಯ ಹನಿವರೆಗೂ 75%ಗಿಂತ ಮೇಲಿರಬೇಕು. 40ಕ್ಕೆ 10 ಅಂದ್ರೆ 80%, ಸಾಕು. ಮ್ಯಾಗ್ನಟೈಟ್‌ಗೆ ಬಳಸಿದ ನೀರನ್ನೂ ಆ 10ರಲ್ಲೇ ಲೆಕ್ಕ ಹಾಕಿ, ಎಷ್ಟೋ ಜನ ಇಲ್ಲೇ 70%ಗೆ ಇಳೀತಾರೆ. ಅಸಿಟೋನ್ ಹಾರಿಸುವಾಗ ಹಾಟ್‌ಪ್ಲೇಟ್ ಬೇಡ, ಫ್ಯೂಮ್ ಹುಡ್‌ನಲ್ಲಿ ರಾತ್ರಿ ಪೂರ್ತಿ ಕಲಕಲು ಬಿಡಿ.

ಇನ್ನು ನೀರು. ನಮ್ಮ ಕಡೆ, ನಿಮ್ಮ ಕಡೆ, ಪಾವಗಡ, ಬಾಗೇಪಲ್ಲಿ, ಎಲ್ಲ ಕಡೆ ಬೋರ್‌ವೆಲ್ ನೀರು ಗಡಸು. ಆರ್‌ಒ ಯಂತ್ರ ದಾಟಿದ ಮೇಲೂ ಹತ್ತಾರು ಪಿಪಿಎಂ ಉಳಿಯುತ್ತೆ. ನೀವು ಕರಗಿಸಿದ್ದೂ ಕ್ಯಾಲ್ಸಿಯಂ ಕ್ಲೋರೈಡ್‌ನಲ್ಲಿ. ಕ್ಯಾಲ್ಸಿಯಂ ಎರಡು ಋಣ ಕಣಗಳ ನಡುವೆ ಸೇತುವೆ ಕಟ್ಟುತ್ತೆ. ಡಯಾಲಿಸಿಸ್ ಡಿಸ್ಟಿಲ್ಡ್ ನೀರಲ್ಲೇ ಮಾಡಿ, ದಿನಗಳ ಲೆಕ್ಕ ಬಿಟ್ಟು ಟಿಡಿಎಸ್ (ಕರಗಿದ ಲವಣ) ಮೀಟರ್ ನೋಡಿ: ನೀರು ಬದಲಿಸಿ ನಾಲ್ಕು ಗಂಟೆ ಕಳೆದ ಮೇಲೂ ಹೊರಗಿನ ನೀರು 10 ಪಿಪಿಎಂ ಒಳಗಿದ್ರೆ ಮುಗೀತು.

ಕೊನೆಗೆ ಮ್ಯಾಗ್ನೆಟ್ ಮೇಲೆ ರಾತ್ರಿಯಿಡೀ ಬಿಟ್ಟು ಮೇಲಿನ ತಿಳಿ ಚೆಲ್ಲಿ. ಕಬ್ಬಿಣ ಸೇರದ ರೇಷ್ಮೆ, ರೇಷ್ಮೆಗೆ ಸೇರದ ಬಿಡಿ ಮ್ಯಾಗ್ನಟೈಟ್ ಎರಡೂ ಹೋಗ್ತವೆ. 10 ನ್ಯಾನೋಮೀಟರ್ ಬಿಡಿ ಕಣ ಸೆಕೆಂಡಿಗೆ 0.03 ಮೈಕ್ರೋಮೀಟರ್ ಕೂಡ ಸಾಗಲ್ಲ, ತಿಳಿಯಲ್ಲೇ ಇರುತ್ತೆ. ಡಿಎಲ್‌ಎಸ್‌ಗೆ ಈ ಸಲ ಫಿಲ್ಟರ್ ಮಾಡದ್ದನ್ನೂ ಕಳಿಸಿ.

ತಿಪಟೂರು_ಎಲೆಕ್ಟ್ರೋಡ್

ಇಬ್ಬರೂ ಮ್ಯಾಗ್ನೆಟ್ ಹಿಡಿದು ಕೂತಿದ್ದೀರಿ. ಝೀಟಾ −38 ಇರೋ ಕಣಕ್ಕೆ ಕಬ್ಬಿಣವೇ ಬೇಡ. ಸೆಂಟಿಮೀಟರಿಗೆ 10 ವೋಲ್ಟ್ ಕೊಡಿ, ಸೆಕೆಂಡಿಗೆ 25ರಿಂದ 30 ಮೈಕ್ರೋಮೀಟರ್ ಧನ ಧ್ರುವದ ಕಡೆ ಹೋಗುತ್ತೆ, ತಂತಿ ಅದಲು ಬದಲು ಮಾಡಿದ್ರೆ ವಾಪಸ್ ಬರುತ್ತೆ. ಮ್ಯಾಗ್ನೆಟ್‌ಗಿಂತ 25 ಪಟ್ಟು ಜೋರು, ಅದೂ ಕಣದ ಗಾತ್ರ ಹೆಚ್ಚುಕಡಿಮೆ ಏನಿದ್ರೂ. ತೊಂದರೆ ಉಪ್ಪಿನದ್ದು: 1 ಮಿಲಿಮೋಲಾರ್ ಬಫರ್ ಒಳಗಿದ್ರೆ ಮಾತ್ರ. ಪಿಬಿಎಸ್ ಅನ್ನೋ ಉಪ್ಪಿನ ಬಫರ್‌ನಲ್ಲಿ ಮಾಡಿದ್ರೆ ಕರೆಂಟ್ ಏರಿ ಕಾಯುತ್ತೆ, ಎಲೆಕ್ಟ್ರೋಡ್‌ನಲ್ಲಿ ಗುಳ್ಳೆ ಬಂದು ಎಲ್ಲ ಕಲಕಿ ಹೋಗುತ್ತೆ. ಎಲೆಕ್ಟ್ರೋಡ್‌ಗಳನ್ನ ಚಾನೆಲ್ ಹೊರಗೆ ಬೇರೆ ಬಾವಿಯಲ್ಲಿ ಇಟ್ಟು, ನಡುವೆ ಅಗರೋಸ್ ಜೆಲ್ ತುಂಬಿ. ಗಾಜಿನ ಗೋಡೆಯೂ ಋಣ, ಆದ್ದರಿಂದ ನೀರೇ ಎದುರು ದಿಕ್ಕಿಗೆ ಹರಿಯುತ್ತೆ. ಕಣ ನಿಂತ ಹಾಗೆ ಕಂಡ್ರೆ ಇದೇ ಕಾರಣ ಇರಬಹುದು, ಗೋಡೆಯಿಂದ ಬೇರೆ ಬೇರೆ ಎತ್ತರದಲ್ಲಿ ಅಳೆದು ನೋಡಿ.

ಅಳೆಯೋ ವಿಷಯ. 40 ಪಟ್ಟು ಆಬ್ಜೆಕ್ಟಿವ್‌ಗೆ (0.65 ಎನ್‌ಎ, ಅಂದ್ರೆ ಬೆಳಕು ಹಿಡಿಯೋ ಸಾಮರ್ಥ್ಯ) ಬೇರೆ ಬೇರೆಯಾಗಿ ಕಾಣೋ ಮಿತಿ 420 ನ್ಯಾನೋಮೀಟರ್. ಮಾಮೂಲು ಬೆಳಕಲ್ಲಿ ನಿಮಗೆ ಕಾಣ್ತಿರೋ ಚುಕ್ಕೆಗಳೆಲ್ಲ ಗಂಟುಗಳೇ. ಡಾರ್ಕ್‌ಫೀಲ್ಡ್ (ಕಪ್ಪು ಹಿನ್ನೆಲೆಯಲ್ಲಿ ಕಣ ಹೊಳೆಯೋ ನೋಟ) ಅಥವಾ ಫ್ಲೋರೆಸೆಂಟ್ ಬಣ್ಣ ಕಟ್ಟಿದ ರೇಷ್ಮೆ ಇಲ್ಲದೆ ಒಂಟಿ ಕಣ ನೋಡ್ತೀನಿ ಅನ್ನೋದು ಬೇಡ. ಎರಡೂ ಇಲ್ಲದಿದ್ರೆ ಯುವಿ ವಿಸಿಬಲ್ ಯಂತ್ರ ಯಾವ ಡಿಗ್ರಿ ಕಾಲೇಜಲ್ಲೂ ಇರುತ್ತೆ. ಕ್ಯುವೆಟ್ ಪಕ್ಕ ಮ್ಯಾಗ್ನೆಟ್ ಟೇಪ್ ಹಾಕಿ, 600 ನ್ಯಾನೋಮೀಟರ್‌ನಲ್ಲಿ ಪ್ರತಿ ಐದು ನಿಮಿಷಕ್ಕೆ ಅಬ್ಸಾರ್ಬೆನ್ಸ್ (ಸ್ಯಾಂಪಲ್ ಎಷ್ಟು ಬೆಳಕು ತಡೆಯುತ್ತೆ ಅನ್ನೋದು) ಬರೆದುಕೊಳ್ಳಿ. ಜೊತೆಗೆ ಎರಡು ಕಂಟ್ರೋಲ್: ಅದೇ ಸ್ಯಾಂಪಲ್ ಮ್ಯಾಗ್ನೆಟ್ ಇಲ್ಲದೆ, ಕಬ್ಬಿಣ ಇಲ್ಲದ ರೇಷ್ಮೆ ಮ್ಯಾಗ್ನೆಟ್ ಜೊತೆ. ಮೊದಲ ನಿಮಿಷದಲ್ಲೇ ಧೊಪ್ಪನೆ ಬಿದ್ರೆ ಗಂಟು, ಗಂಟೆಗಟ್ಟಲೆ ಜಾರಿದ್ರೆ ಕಣ. ಸ್ಲೈಡ್‌ನಲ್ಲಿ ನೋಡೋದಾದ್ರೆ ಕವರ್‌ಸ್ಲಿಪ್ ಅಂಚಿಗೆ ನೇಲ್ ಪಾಲಿಶ್ ಹಚ್ಚಿ ಮುಚ್ಚಿ. ಇಲ್ಲಾಂದ್ರೆ ನೀರು ಆರೋ ಹರಿವೇ ಕಣವನ್ನ ಅಂಚಿಗೆ ಎಳೆದೊಯ್ಯುತ್ತೆ.

ಶಿಡ್ಲಘಟ್ಟ_ಗೂಡು

ಎಲ್ಲರಿಗೂ ಥ್ಯಾಂಕ್ಸ್. ಎರಡು ಪ್ರಶ್ನೆ ಉಳಿದವು. ಮುಂದಿನ ಉದ್ದೇಶ ಔಷಧ ಸಾಗಿಸೋದು ಅಂತ ಪ್ರಸ್ತಾವನೆಯಲ್ಲಿ ಬರೆದಿದ್ದೀವಿ, ದೇಹದೊಳಗೆ ಒಂದು ಬಿಂದುವಿಗೆ ತಂದು ನಿಲ್ಲಿಸೋಕೆ ಆಗುತ್ತಾ? ಮತ್ತೆ, ಮಾಡಿಟ್ಟ ಕಾಯಿಲ್ ದಂಡವಾ?

ತಿಪಟೂರು_ಎಲೆಕ್ಟ್ರೋಡ್

ಹೊರಗಿನ ಸ್ಥಿರ ಮ್ಯಾಗ್ನೆಟ್‌ನಿಂದ ಒಳಗಿನ ಬಿಂದುವಿನಲ್ಲಿ ನಿಲ್ಲಿಸೋಕೆ ಆಗಲ್ಲ. ಅರ್ನ್‌ಶಾ ಅನ್ನೋ ಇಂಗ್ಲಿಷ್ ಗಣಿತಜ್ಞ 1842ರಲ್ಲೇ ತೋರಿಸಿಕೊಟ್ಟ ನಿಯಮದಿಂದ ಬರೋ ಮಾತು ಇದು. ಇಂಥ ಕಣ ಯಾವಾಗಲೂ ಕ್ಷೇತ್ರ ಹೆಚ್ಚಿರೋ ಕಡೆಗೆ, ಅಂದ್ರೆ ಮ್ಯಾಗ್ನೆಟ್ ಇರೋ ಮೇಲ್ಮೈಗೆ ಬರುತ್ತೆ. 1996ರಲ್ಲಿ ಜರ್ಮನಿಯಲ್ಲಿ 14 ಕ್ಯಾನ್ಸರ್ ರೋಗಿಗಳ ಮೇಲೆ ಎಪಿರುಬಿಸಿನ್ ಔಷಧ ಹೊತ್ತ ಕಾಂತೀಯ ಕಣ ಪರೀಕ್ಷಿಸಿದಾಗಲೂ ಮ್ಯಾಗ್ನೆಟ್ ಗೆಡ್ಡೆಗೆ ಆದಷ್ಟು ಹತ್ತಿರ, ಮೈಮೇಲೆ ಇತ್ತು. ಸಣ್ಣ ಲೋಮನಾಳದಲ್ಲೇ ರಕ್ತ ಸೆಕೆಂಡಿಗೆ ಅರ್ಧ ಮಿಲಿಮೀಟರ್ ಮೇಲೆ ಹರಿಯುತ್ತೆ, ನಿಮ್ಮ ಕಣದ ವೇಗ 1 ಮೈಕ್ರೋಮೀಟರ್. ಪ್ರಸ್ತಾವನೆಯಲ್ಲಿ "ಚರ್ಮದ ಹತ್ತಿರದ ಗಾಯ" ಅಂತ ಬರೆದ್ರೆ ವೈವಾದಲ್ಲಿ ನಿಲ್ಲುತ್ತೆ.

ಕೋಲಾರ_ಕಾಯಿಲ್

ಕಾಯಿಲ್ ದಂಡ ಅಲ್ಲ. ಬೀಕರ್ ಸರ್ ಬಯ್ದ ಆ ಗಂಟು, ಸರಪಳಿಗಳೇ ಈಗ ಕೆಲಸಕ್ಕೆ ಬರ್ತವೆ. ಕ್ಷೇತ್ರವನ್ನ ಲಂಬ ಸಮತಲದಲ್ಲಿ ತಿರುಗಿಸಿದ್ರೆ ಸರಪಳಿ ಗಾಜಿನ ತಳದ ಮೇಲೆ ಉರುಳಿಕೊಂಡು ಹೋಗುತ್ತೆ, ತಿರುಗೋ ದಿಕ್ಕು ಬದಲಿಸಿದ್ರೆ ವಾಪಸ್. ಇಲ್ಲಿ ಗ್ರೇಡಿಯೆಂಟ್ ಬೇಡ, ತಿರುಚುಬಲ ಸಾಕು. ಇನ್ನೊಂದು ಜೋಡಿ ಕಾಯಿಲ್ ಸುತ್ತಿ, ನಾಲ್ಕನ್ನೂ ಚೌಕದ ನಾಲ್ಕು ಬದಿಗೆ, ಮೇಲೆ ಕೆಳಗೆ ಎಡ ಬಲ, ಮಧ್ಯದಿಂದ 36 ಮಿ.ಮೀ. ದೂರದಲ್ಲಿ ಕೂರಿಸಿ. ಜೋಡಿಗೆ ಆಂಪಿಯರಿಗೆ 2.2 ಮಿಲಿಟೆಸ್ಲಾ ಸಿಗುತ್ತೆ. ಎರಡು ಜೋಡಿಗೂ 2 ಆಂಪಿಯರ್ ಶಿಖರದ ಸೈನ್ ಅಲೆ, ನಡುವೆ 90 ಡಿಗ್ರಿ ವ್ಯತ್ಯಾಸ, 1ರಿಂದ 5 ಹರ್ಟ್ಸ್. ಶಾಖ ಕಾಯಿಲ್‌ಗೆ ಸರಾಸರಿ 3.3 ವಾಟ್, ತಡೆದುಕೊಳ್ಳುತ್ತೆ. ಆವರ್ತ ಏರಿಸ್ತಾ ಹೋದ್ರೆ ಒಂದು ಹಂತದಲ್ಲಿ ಸರಪಳಿ ಹಿಂದೆ ಬಿದ್ದು ನಡುಗುತ್ತೆ, ತುಂಡಾಗುತ್ತೆ, ಅಲ್ಲಿಂದ ಇಳಿಸಿ. ಮೇಲಿನ ಕಾಯಿಲ್‌ನ ತೂತಿಂದ ಆಬ್ಜೆಕ್ಟಿವ್ ಇಳಿಸಬೇಕು, ಪಕ್ಕದ ಆಬ್ಜೆಕ್ಟಿವ್‌ಗಳನ್ನ ಬಿಚ್ಚಿಡಿ. ರೇಷ್ಮೆ ಋಣ, ಗಾಜು ಋಣ, ಅಂಟಲ್ಲ. ಇದನ್ನೇ ಕೈಟೋಸಾನ್‌ನಲ್ಲಿ (ಸೀಗಡಿ ಚಿಪ್ಪಿಂದ ಮಾಡೋ ಪಾಲಿಮರ್) ಮಾಡಿದ್ರೆ ಅದು ಧನ, ಗಾಜಿಗೆ ಕಚ್ಚಿಕೊಂಡು ಕೂರುತ್ತೆ.

ಹೊಸ ಜೋಡಿಗೆ 22 ಗೇಜ್ ತಂತಿ 270 ಗ್ರಾಂ ಬೇಕು, 300 ಕೇಳಿ. ಮೋಟಾರ್ ರಿವೈಂಡಿಂಗ್ ಅಂಗಡಿಯಲ್ಲಿ ತೂಕಕ್ಕೆ ಕೊಡ್ತಾರೆ. ಬೋರ್‌ವೆಲ್ ಸಬ್‌ಮರ್ಸಿಬಲ್‌ಗೆ ಹಾಕೋ ಪಾಲಿ ಸುತ್ತಿದ ತಂತಿ ಬೇಡ, ಹೊದಿಕೆ ದಪ್ಪ, 200 ಸುತ್ತು ಕೂರಲ್ಲ. ಎನಾಮಲ್ ತಾಮ್ರ ಅಂತಲೇ ಕೇಳಿ. ಅಲ್ಯೂಮಿನಿಯಂ ಕೊಡೋಕೆ ಬಂದ್ರೆ ವಾಪಸ್ ಮಾಡಿ, ರೆಸಿಸ್ಟೆನ್ಸ್ 1.6 ಪಟ್ಟು.